ಇಂಗ್ಲಿಷ್ ನುಡಿಗಟ್ಟು: ಅರ್ಥವೂ ಅಪಾರ್ಥವೂ

ಪರಭಾಷೆಯನ್ನು ಕಲಿಯುವವನಿಗೆ ಅದರ ಕಠಿಣ ಶಬ್ದಗಳಿಗಿಂತ ಸುಲಭ ಶಬ್ದಗಳೇ ಅನೇಕ ವೇಳೆ ಹೆಚ್ಚು ತೊಡಕನ್ನುಂಟುಮಾಡುತ್ತವೆ. ಕಠಿಣ ಶಬ್ದ ಎದುರಾದರೆ ವಿದ್ಯಾರ್ಥಿಯು ನಿಘಂಟನ್ನು ತೆರೆಯುತ್ತಾನೆ. ಕೈ, ಕಣ್ಣು, ಉಪ್ಪು ಎಂಬಂಥ ಶಬ್ದ ಬಂದರೆ, ತನಗೆ ತಿಳಿದದ್ದೇ ಎಂದು ಮುಂದೆ ಸಾಗುತ್ತಾನೆ. ನುಡಿಗಟ್ಟಿನಲ್ಲಿ ಅವನು ಎಡವುವುದು ಅಲ್ಲಿಯೇ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಸಲು ಬಳಕೆಯಲ್ಲಿರುವ ಸಾಧನ ಹೆಚ್ಚಾಗಿ ಒಂದೇ: ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಇರುವ ಪಟ್ಟಿ. ಅದನ್ನು ಬಾಯಿಪಾಠ ಮಾಡಿದರೆ ಅಂಕ ದೊರೆಯಬಹುದು. ಅರ್ಥವೂ ದೊರೆಯುವುದೇ ಎಂಬುದನ್ನು ಇಲ್ಲಿ ವಿಚಾರಿಸೋಣ.

'ಟು ವಾಷ್ ಒನ್ಸ್ ಹ್ಯಾಂಡ್ಸ್ ಆಫ್' ಎಂಬುದನ್ನು ತೆಗೆದುಕೊಳ್ಳಿ. ಪದಶಃ ನೋಡಿದರೆ ಕೈತೊಳೆದುಕೊಳ್ಳುವುದು. ಆದರೆ ಕನ್ನಡದಲ್ಲಿ 'ಅವನು ಕೈತೊಳೆದುಕೊಂಡು ನನ್ನ ಬೆನ್ನು ಹತ್ತಿದ್ದಾನೆ' ಎಂದರೆ ಬಿಡದೆ ಕಾಡುತ್ತಿದ್ದಾನೆಂದು ತಾತ್ಪರ್ಯ. ಇಂಗ್ಲಿಷಿನಲ್ಲಿ ಅದೇ ಕೈತೊಳೆಯುವಿಕೆಗೆ ಹೊಣೆಯನ್ನು ಕಳಚಿ ಹೊರಟುಹೋಗುವುದೆಂದು ಅರ್ಥ. ಬೈಬಲ್ಲಿನಲ್ಲಿ ರೋಮನ್ ಅಧಿಪತಿ ಪಿಲಾತನು, ಯೇಸುವನ್ನು ಮರಣಕ್ಕೊಪ್ಪಿಸುವಾಗ, ಈ ರಕ್ತಕ್ಕೆ ತಾನು ಹೊಣೆಯಲ್ಲವೆಂದು ಜನರೆದುರಿನಲ್ಲಿ ಕೈತೊಳೆದ ಪ್ರಸಂಗವಿದೆ. ಅದನ್ನು ಎರಡು ಮಾತುಗಳಲ್ಲಿ ಹೇಳಿದರೆ ಸಾಕು, ಬಾಲಕನು ಆ ನುಡಿಯನ್ನು ಮರೆಯಲಾರನು. 'ಎಳ್ಳುನೀರು ಬಿಡು' ಎಂಬ ನಮ್ಮ ಮಾತು ಇದಕ್ಕೆ ಸಮಾನವೆಂದು ಕೆಲವರು ಹೇಳಬಹುದು. ಅದರಲ್ಲಿಯೂ ನೀರಿದೆ ನಿಜ. ಆದರೆ ಅದು ತರ್ಪಣದ ನೀರು. ಅಲ್ಲಿ ಆಸೆಯನ್ನು ಬಿಡುತ್ತೇವೆ, ಪಿಲಾತನು ಬಿಟ್ಟದ್ದು ಹೊಣೆಯನ್ನು.

ಉಪ್ಪಿನ ವಿಷಯವೂ ಹೀಗೆಯೇ. ಒಬ್ಬನ ಮಾತನ್ನು 'ವಿತ್ ಎ ಪಿಂಚ್ ಆಫ್ ಸಾಲ್ಟ್' ಸ್ವೀಕರಿಸಬೇಕೆಂದರೆ, ಅದನ್ನು ಪೂರ್ತಿ ನಂಬಬಾರದೆಂದು ಭಾವ. ವಿದ್ಯಾರ್ಥಿಯು ಇದನ್ನು 'ಉಪ್ಪು ಖಾರ ಹಚ್ಚಿ ಹೇಳುವುದು' ಎಂದು ಬರೆದರೆ ಅವನನ್ನು ದಡ್ಡನೆನ್ನಲಾಗದು. ಅವನು ತನ್ನ ತಾಯ್ನುಡಿಯನ್ನೇ ನಂಬಿದ್ದಾನೆ. ಆದರೆ ಕನ್ನಡದಲ್ಲಿ ಉಪ್ಪು ಹಚ್ಚುವವನು ಹೇಳುವಾತ, ಇಂಗ್ಲಿಷಿನಲ್ಲಿ ಉಪ್ಪು ಸೇರಿಸಿಕೊಳ್ಳುವವನು ಕೇಳುವಾತ. ಈ ಭೇದವನ್ನು ಯಾವ ಪಟ್ಟಿ ತಿಳಿಸೀತು?

ಹಾಗೆಂದು ಎಲ್ಲೆಡೆಯೂ ವಿರೋಧವೇ ಇದೆಯೆಂದು ತಿಳಿಯಬಾರದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದರಾಸು ರಾಜ್ಯದಲ್ಲಿಯೇ ಉಳಿದು, 2004ರಿಂದ ಕೃಷ್ಣಗಿರಿ ಜಿಲ್ಲೆಗೆ ಸೇರಿರುವ ನಮ್ಮ ಹೊಸೂರು ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಇಷ್ಟು ಭಾಷೆಗಳ ನಡುವೆ ನಮ್ಮ ಮಕ್ಕಳಿಗೆ ಯಾವುದೂ ನೆಟ್ಟಗೆ ಬಾರದೆಂದು ಮರುಗುವವರುಂಟು. ನುಡಿಗಟ್ಟಿನ ಮಟ್ಟಿಗಂತೂ ಈ ಮರುಕ ಅನಾವಶ್ಯಕ. ನಾವು 'ಕಣ್ಣಿಗೆ ಮಣ್ಣೆರಚು' ಎನ್ನುತ್ತೇವೆ. ತಮಿಳರು 'ಕಣ್ಣಿಲ್ ಮಣ್ಣೈತ್ ತೂವು' ಎನ್ನುತ್ತಾರೆ. ತೆಲುಗರು 'ಕಳ್ಳಲೋ ದುಮ್ಮು ಕೊಟ್ಟು' ಎನ್ನುತ್ತಾರೆ. ಇಂಗ್ಲಿಷರೂ ಕಣ್ಣಿಗೆ ಧೂಳೆರಚಿಯೇ ಮೋಸಮಾಡುತ್ತಾರೆ! ಮೂರು ಭಾಷೆಗಳಲ್ಲಿ ಇದನ್ನು ಕೇಳಿದ ಬಾಲಕನಿಗೆ ನಾಲ್ಕನೆಯದು ಹೊರೆಯಾಗದು.

'ಕ್ಯಾರಿಯಿಂಗ್ ಕೋಲ್ಸ್ ಟು ನ್ಯೂಕ್ಯಾಸಲ್' ಎಂಬ ಮಾತನ್ನೂ ನೋಡಿ. ನ್ಯೂಕ್ಯಾಸಲ್ ಇಂಗ್ಲೆಂಡಿನ ಈಶಾನ್ಯದ ರೇವುಪಟ್ಟಣ; ಅಲ್ಲಿಂದ ಶತಮಾನಗಳ ಕಾಲ ಲಂಡನ್ನಿಗೆ ಹಡಗುಗಳಲ್ಲಿ ಕಲ್ಲಿದ್ದಲು ಹೋಗುತ್ತಿತ್ತು. ಇಂದು ಆ ಗಣಿಗಳು ಮುಚ್ಚಿವೆ, ಮಾತು ಉಳಿದಿದೆ. 'ವ್ಯರ್ಥಕಾರ್ಯ' ಎಂಬ ಪಟ್ಟಿಯ ಅರ್ಥ ಇಲ್ಲಿ ಸಾಲದು. ಯಾವುದು ಹೇರಳವಾಗಿದೆಯೋ ಅದನ್ನೇ ಅಲ್ಲಿಗೆ ಹೊರುವುದು ಇದರ ಸ್ವಾರಸ್ಯ. ನಮ್ಮ ಮಕ್ಕಳು 'ತಿರುನೆಲ್ವೇಲಿಕ್ಕೇ ಅಲ್ವಾವಾ' ಎಂಬ ತಮಿಳು ಪರಿಹಾಸ್ಯವನ್ನು ಬಲ್ಲರು. ಕೃಷ್ಣಗಿರಿಗೆ ಮಾವಿನಹಣ್ಣು ಕೊಂಡೊಯ್ದಂತೆ ಎಂದರಂತೂ ವಿವರಣೆಯೇ ಬೇಡ.

ಸಮಾನವಾದ ಮಾತು ನಮ್ಮಲ್ಲಿ ಇಲ್ಲದಾಗ ಎರವಲು ತರುವುದು ದೋಷವಲ್ಲ. ಹಂಸವು ನಮಗೆ ಹಾಲನ್ನೂ ನೀರನ್ನೂ ಬೇರ್ಪಡಿಸುವ ಪಕ್ಷಿ. ಸಾಯುವ ಮುನ್ನ ಅದು ಹಾಡುವುದೆಂಬುದು ಪ್ರಾಚೀನ ಗ್ರೀಕರ ನಂಬಿಕೆ. ಅದರಿಂದ ಇಂಗ್ಲಿಷಿನ 'ಸ್ವಾನ್ ಸಾಂಗ್' ಬಂದಿತು. ಸಂಗೀತಗಾರನೊಬ್ಬನ ಬಾಳನ್ನು ಕುರಿತ ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿಯೂ, ಅದನ್ನಾಧರಿಸಿದ ಜಿ.ವಿ. ಅಯ್ಯರ್ ಅವರ 1975ರ ಚಲನಚಿತ್ರವೂ ಬಂದಮೇಲೆ ಆ ಮಾತು ನಮ್ಮವರಿಗೆ ಪರಕೀಯವೆನಿಸುತ್ತಿಲ್ಲ. ಬಾಳಿನ ಸಂದರ್ಭದೊಡನೆ ಬಂದ ಮಾತು ಬೇರೂರುತ್ತದೆ. ಪಟ್ಟಿಯಿಂದ ಬಂದದ್ದು ಪರೀಕ್ಷೆಯ ಮರುದಿನವೇ ಉದುರುತ್ತದೆ.

ಈ ಮಾರ್ಗ ಹೊಸದಲ್ಲ. 1853ರಲ್ಲಿ ನಮ್ಮ ನಾಡಿಗೆ ಬಂದ ಜರ್ಮನ್ ಪಾದ್ರಿ ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದಕ್ಕೆ ಅರ್ಥವನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ; ಜನರ ಗಾದೆಗಳನ್ನೂ ಪದಗಳೊಡನೆ ಸೇರಿಸಿದರು. ಪದದ ಬಾಳು ಬಳಕೆಯಲ್ಲಿದೆಯೆಂದು ಆ ಪರದೇಶಿ ಅರಿತಿದ್ದರು. ಅವರು ಕನ್ನಡಕ್ಕೆ ತೋರಿದ ತಾಳ್ಮೆಯನ್ನು ನಾವು ಇಂಗ್ಲಿಷಿಗೆ ತೋರಬಾರದೇ?

ಪಟ್ಟಿಗಳನ್ನು ಸುಡಬೇಕೆಂದು ನನ್ನ ವಾದವಲ್ಲ. ಪರೀಕ್ಷೆಯ ಕಾಲದಲ್ಲಿ ಅವು ಉಪಯುಕ್ತವೇ. ಆದರೆ ಪ್ರತಿಯೊಂದು ನುಡಿಗಟ್ಟಿನ ಮುಂದೆಯೂ ಉಪಾಧ್ಯಾಯರು ಮೂರು ಪ್ರಶ್ನೆಗಳನ್ನು ಕೇಳಿಸಲಿ: ಇದನ್ನು ಯಾರು ಯಾರಿಗೆ, ಯಾವ ಸಂದರ್ಭದಲ್ಲಿ ಹೇಳುತ್ತಾರೆ? ಇದರ ಹಿಂದಿರುವ ಚಿತ್ರ ಯಾವುದು? ಇಂಥ ವೇಳೆಯಲ್ಲಿ ನಿನ್ನ ಅಜ್ಜಿ ಏನೆನ್ನುತ್ತಾಳೆ? ಮೂರನೆಯದೇ ಮುಖ್ಯವಾದುದು. ಅದನ್ನು ಕೇಳದೆ ಬಿಟ್ಟರೆ, ಇಂಗ್ಲಿಷ್ ನುಡಿಗಟ್ಟು ಕೈಗೆ ಬರುವ ಮುನ್ನವೇ ಕನ್ನಡದ್ದು ಜಾರಿಹೋಗುವುದು. ಕೇಳಿದರೆ, ಒಂದು ಪಾಠದಲ್ಲಿ ಎರಡು ಭಾಷೆಗಳು ಬೆಳೆಯುವುವು. ಅನುಭವಸ್ಥರಾದ ಉಪಾಧ್ಯಾಯ ಮಿತ್ರರು ತಮ್ಮ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿ ನೋಡಬೇಕಾಗಿ ವಿಜ್ಞಾಪನೆ.