ನಂಜು ಕುಡಿದವರು ಕಾಣದ ಚಿತ್ರ

ಎರಡನೇ ಮಹಾಯುದ್ಧದ ನಂತರ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ನಾಲ್ಕು ದಶಕ ನಡೆದ ಅಣ್ವಸ್ತ್ರ ಪೈಪೋಟಿಯನ್ನು ನಾವು ಕನ್ನಡದಲ್ಲಿ ಶೀತಲ ಸಮರ ಎನ್ನುತ್ತೇವೆ. ಪಠ್ಯಪುಸ್ತಕ, ಪತ್ರಿಕೆ, ಭಾಷಣ ಎಲ್ಲ ಕಡೆಯೂ ಇದೇ ಪದ. ಆದರೆ ಅದೇ ಅವಧಿಯಲ್ಲಿ ಕೊರಿಯಾ, ವಿಯೆಟ್ನಾಂ, ಅಫಘಾನಿಸ್ತಾನಗಳಲ್ಲಿ ಲಕ್ಷಾಂತರ ಜನ ಸತ್ತರು. ಸಮರ ತಣ್ಣಗಿದ್ದದ್ದು ವಾಷಿಂಗ್ಟನ್ನಿಗೆ ಮತ್ತು ಮಾಸ್ಕೋಗೆ. ಹೆಸರಿಟ್ಟವರೇ ಕಥೆಯನ್ನೂ ಹೇಳುತ್ತ ಬಂದರು, ನಾವು ಕೇಳುತ್ತ ಬಂದೆವು.

ಆ ಕಥೆಯ ಇತ್ತೀಚಿನ ಹಾಗೂ ಅತ್ಯಂತ ಯಶಸ್ವಿ ರೂಪ ಕ್ರಿಸ್ಟೋಫರ್ ನೋಲನ್ ನಿರ್ದೇಶನದ 'ಓಪನ್‌ಹೈಮರ್' (2023). ಮೂರು ಗಂಟೆಗಳ ಚಿತ್ರ, 2024ರಲ್ಲಿ ಏಳು ಆಸ್ಕರ್ ಪ್ರಶಸ್ತಿ. ನಮ್ಮ ದೇಶದಲ್ಲಿ ಈ ಚಿತ್ರದ ಬಗ್ಗೆ ಗದ್ದಲವೂ ಆಯಿತು. ಬೆಂದುಹೋದ ಎರಡು ನಗರಗಳ ಬಗ್ಗೆ ಅಲ್ಲ, ಭಗವದ್ಗೀತೆಯ ಸಾಲು ಯಾವ ದೃಶ್ಯದಲ್ಲಿ ಬಂತು ಎಂಬುದರ ಬಗ್ಗೆ! ಆ ಗದ್ದಲದಲ್ಲಿ ಚಿತ್ರದ ಗುಣವೂ ದೋಷವೂ ಚರ್ಚೆಯಾಗದೆ ಉಳಿದವು.

ಗುಣವನ್ನು ಮೊದಲು ಹೇಳಬೇಕು. ಅಮೆರಿಕಕ್ಕೆ ಬಾಂಬು ತಯಾರಿಸಿಕೊಟ್ಟ ವಿಜ್ಞಾನಿಯನ್ನೇ 1954ರ ಏಪ್ರಿಲ್ 12ರಿಂದ ಇಕ್ಕಟ್ಟಾದ ಒಂದು ಕೋಣೆಯಲ್ಲಿ ಕೂರಿಸಿ ವಾರಗಟ್ಟಲೆ ವಿಚಾರಣೆ ನಡೆಸುತ್ತಾರೆ. ನಿನ್ನ ಹಳೆಯ ಗೆಳೆಯರು ಯಾರು, ಹೆಂಡತಿ ಯಾವ ಪಕ್ಷದಲ್ಲಿದ್ದಳು, ಹೈಡ್ರೋಜನ್ ಬಾಂಬಿಗೆ ಏಕೆ ಅಡ್ಡ ಬಂದೆ? ಹೊರಗಿನ ಶತ್ರುವಿನ ಭಯ ಒಳಗಿನವರ ಮೇಲೆ ಹೇಗೆ ತಿರುಗುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಚಿತ್ರಗಳು ಕಡಿಮೆ. ಭಾರತ–ಪಾಕಿಸ್ತಾನಗಳ ನಡುವೆ ಕಾವೇರಿದಾಗಲೆಲ್ಲ ನಿಷ್ಠೆಯ ಪರೀಕ್ಷೆಗೆ ಕೂರಬೇಕಾಗುವ ನಮ್ಮ ಮೊಹಲ್ಲಾಗಳ ಜನರಿಗೆ ಆ ಕೋಣೆಯ ಉಸಿರುಗಟ್ಟುವಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಆದರೆ ಅದೇ 1954ರ ವಸಂತದಲ್ಲಿ ಇನ್ನೊಂದು ಘಟನೆ ನಡೆಯಿತು. ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ ಅಮೆರಿಕ 15 ಮೆಗಾಟನ್ ಶಕ್ತಿಯ ಹೈಡ್ರೋಜನ್ ಬಾಂಬನ್ನು ಸಿಡಿಸಿತು. ಹಿರೋಶಿಮಾದ ಮೇಲೆ ಬಿದ್ದದ್ದಕ್ಕಿಂತ ಸುಮಾರು ಸಾವಿರ ಪಟ್ಟು ದೊಡ್ಡದು. ಪಕ್ಕದ ರೊಂಗೆಲಾಪ್ ದ್ವೀಪದ ಮೇಲೆ ಬಿಳಿ ಬೂದಿ ಉದುರಿತು, ಮಕ್ಕಳು ಅದರಲ್ಲಿ ಆಟವಾಡಿದರು. ಅವರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನಗಳ ನಂತರ. 'ಲಕ್ಕಿ ಡ್ರ್ಯಾಗನ್' ಎಂಬ ಜಪಾನಿ ಮೀನುಗಾರಿಕೆ ದೋಣಿಯ 23 ಮಂದಿ ಆ ಬೂದಿಗೆ ಸಿಕ್ಕರು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಓಪನ್‌ಹೈಮರ್ ವಿಚಾರಣೆ ಆರಂಭವಾಗುವ ಹತ್ತು ದಿನ ಮೊದಲು, ಏಪ್ರಿಲ್ 2ರಂದು, ನೆಹರೂ ಲೋಕಸಭೆಯಲ್ಲಿ ನಿಂತು ಇಂಥ ಸ್ಫೋಟಗಳನ್ನಾದರೂ ನಿಲ್ಲಿಸುವ ಒಪ್ಪಂದವಾಗಲಿ ಎಂದು ಕೇಳಿದರು.

ಚಿತ್ರ ವಿಚಾರಣೆಯ ಕೋಣೆಗೆ ಮತ್ತೆ ಮತ್ತೆ ಮರಳುತ್ತದೆ, ಆ ದ್ವೀಪಕ್ಕೆ ಒಮ್ಮೆಯೂ ಹೋಗುವುದಿಲ್ಲ. ಹಿರೋಶಿಮಾದ ಚಿತ್ರಗಳನ್ನು ತೋರಿಸುವ ದೃಶ್ಯದಲ್ಲೂ ಕ್ಯಾಮೆರಾ ನಾಯಕನ ಮುಖದ ಮೇಲೇ ನಿಲ್ಲುತ್ತದೆ. ಸುಟ್ಟ ದೇಹಗಳು ಅವನ ಕಲ್ಪನೆಯಲ್ಲಷ್ಟೇ ಬಂದು ಹೋಗುತ್ತವೆ. ಇದು ಒಬ್ಬ ಮನುಷ್ಯನ ಕಥೆ, ಅವನು ಕಾಣದ್ದನ್ನು ಏಕೆ ತೋರಿಸಬೇಕು ಎಂದು ಸಮರ್ಥಿಸುವವರಿದ್ದಾರೆ. ಆದರೆ ಅವನು ಇಲ್ಲದ ಕೋಣೆಗಳೂ ಚಿತ್ರದಲ್ಲಿ ಬೇಕಾದಷ್ಟಿವೆ. ಅವನ ವಿರೋಧಿ ಲೂಯಿಸ್ ಸ್ಟ್ರಾಸ್‌ಗಾಗಿ ನಿರ್ದೇಶಕರು ಆ ಕೋಣೆಗಳಿಗೆಲ್ಲ ಹೋಗಿದ್ದಾರೆ.

ಈ ಕೊರತೆಯನ್ನು ಅಳೆಯಲು ವಿದೇಶಿ ವಿಮರ್ಶಕರ ನೆರವು ಬೇಕಿಲ್ಲ. ನಂಜನಗೂಡು ಮತ್ತು ತಿ. ನರಸೀಪುರ ತಾಲೂಕುಗಳ ಜನರ ಬಾಯಲ್ಲಿರುವ ಎರಡು ಕಥೆಗಳು ಸಾಕು.

ನಂಜನಗೂಡಿನ ಹೆಸರಿನಲ್ಲೇ ನಂಜಿದೆ. ದೇವತೆಗಳೂ ಅಸುರರೂ ಎರಡು ಬದಿ ನಿಂತು ಕಡಲು ಕಡೆದರು. ಇಬ್ಬರಿಗೂ ಬೇಕಿದ್ದದ್ದು ಅಮೃತ, ಮೊದಲು ಬಂದದ್ದು ಹಾಲಾಹಲ. ಪುರಾಣವನ್ನು ನಂಬುವುದು ಬಿಡುವುದು ಬೇರೆ ಮಾತು, ಕಥೆ ಹೇಳಿದ ಕ್ರಮವನ್ನು ಗಮನಿಸಬೇಕು. ಈ ಊರು ನೆನಪಿಟ್ಟುಕೊಂಡದ್ದು ಕಡೆದವರನ್ನಲ್ಲ, ನಂಜನ್ನು ಉಂಡವನನ್ನು. ಅವನ ಹೆಸರನ್ನೇ ಊರಿಗೂ ಇಟ್ಟುಕೊಂಡಿತು. ಆನೆಯ ಕಣ್ಣು ಗುಣವಾಯಿತೆಂದು ಟಿಪ್ಪು ಪಚ್ಚೆಲಿಂಗವನ್ನು ಅರ್ಪಿಸಿ 'ಹಕೀಮ ನಂಜುಂಡ' ಎಂದು ಕರೆದನೆಂಬ ಪ್ರತೀತಿಯೂ ಇಲ್ಲಿಯದೇ. ನಂಜು ಕುಡಿದವನೇ ಹಕೀಮ! ರೊಂಗೆಲಾಪ್‌ನವರಿಗೆ ಸಿಕ್ಕ ಹಕೀಮರು ಬೇರೆ ರೀತಿಯವರು. ವಿಕಿರಣ ಮನುಷ್ಯರ ಮೈಯಲ್ಲಿ ಏನು ಮಾಡುತ್ತದೆಂದು ತಿಳಿಯಲು ಅಮೆರಿಕ 'ಪ್ರಾಜೆಕ್ಟ್ 4.1' ಎಂಬ ಅಧ್ಯಯನವನ್ನೇ ನಡೆಸಿತು. 1957ರಲ್ಲಿ ಅವರನ್ನು ಅದೇ ದ್ವೀಪಕ್ಕೆ ಮರಳಿ ತಂದುಬಿಟ್ಟಿತು. 1985ರಲ್ಲಿ ಅವರು ತಾವಾಗಿಯೇ ಊರು ಬಿಟ್ಟರು.

ಕಡಲಿನ ಇನ್ನೊಂದು ಬದಿಯವರೇನೂ ಕಡಿಮೆಯಲ್ಲ. ಸೋವಿಯತ್ ಒಕ್ಕೂಟ 1949ರಿಂದ 1989ರವರೆಗೆ ಕಝಕಸ್ತಾನದ ಸೆಮಿಪಲಾಟಿನ್ಸ್ಕ್‌ನಲ್ಲಿ 456 ಸ್ಫೋಟಗಳನ್ನು ನಡೆಸಿತು. ಅದು ಕಝಕ್ ಜನರ ಹಳ್ಳಿಗಳಿದ್ದ ಹುಲ್ಲುಗಾವಲು ಪ್ರದೇಶ. 1989ರ ಫೆಬ್ರವರಿಯಲ್ಲಿ ದೂರದರ್ಶನದಲ್ಲಿ ಕವಿತೆ ಓದಬೇಕಿದ್ದ ಕವಿ ಓಲ್ಝಾಸ್ ಸುಲೈಮೆನೋವ್, ಕವಿತೆಯನ್ನು ಬದಿಗಿಟ್ಟು ಈ ಸ್ಫೋಟಗಳ ವಿರುದ್ಧ ಹೇಳಿಕೆ ಓದಿದರು. ಅದರಿಂದ ಹುಟ್ಟಿದ ಚಳವಳಿಯ ಒತ್ತಡಕ್ಕೆ 1991ರಲ್ಲಿ ಆ ನೆಲೆ ಮುಚ್ಚಿತು. ಹಾಲಿವುಡ್ಡಿಗೆ ಈ ಕವಿ ಇನ್ನೂ ಕಣ್ಣಿಗೆ ಬಿದ್ದಿಲ್ಲ.

ನಂಜನಗೂಡಿನ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅದೇ ತಾಲೂಕಿನ ತಲಕಾಡು, ಮಾಲಂಗಿಗಳ ಕಥೆಯೂ ಎರಡು ಅಧಿಕಾರಗಳ ಜಗಳದ್ದೇ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದರು. ಇತಿಹಾಸದ ಪುಸ್ತಕಕ್ಕೆ ಅಷ್ಟು ಸಾಕು. ಜನರ ಕಥೆಗೆ ಸಾಲಲಿಲ್ಲ. ಅದು ಸೋತವನ ಹೆಂಡತಿ ಅಲಮೇಲಮ್ಮನ ಹಿಂದೆ ಹೋಯಿತು. ಒಡವೆಗಾಗಿ ಬೆನ್ನಟ್ಟಿದವರನ್ನು ಶಪಿಸಿ ಅವಳು ಕಾವೇರಿಗೆ ಹಾರಿದಳು. ತಲಕಾಡು ಮರಳಿನಲ್ಲಿ ಹೂತುಹೋಗಲಿ, ಗೆದ್ದವರ ವಂಶಕ್ಕೆ ಮಕ್ಕಳಾಗದಿರಲಿ ಎಂಬುದು ಆ ಶಾಪದ ತಾತ್ಪರ್ಯ. ಮರಳಿಗೆ ಭೂವಿಜ್ಞಾನಿಗಳು ನದಿಯ ತಿರುವು, ಗಾಳಿ ಎಂದು ಕಾರಣ ಕೊಡುತ್ತಾರೆ, ಅದು ಸರಿಯೇ. ಆದರೆ ದೊರೆಗಳ ಜಗಳದ ಲೆಕ್ಕವನ್ನು ಒಬ್ಬ ಹೆಂಗಸಿನಲ್ಲಿ, ಹಾಳಾದ ನೆಲದಲ್ಲಿ, ಹುಟ್ಟದ ಮಕ್ಕಳಲ್ಲಿ ಬರೆದಿಟ್ಟದ್ದು ಈ ಕಥೆ. ವಿಕಿರಣದ ಕಥೆಯನ್ನು ಹೇಳಹೊರಟವರು ಇಲ್ಲಿಂದ ಕಲಿಯುವುದು ಬಹಳವಿತ್ತು. 2022ರ ಡಿಸೆಂಬರಿನಲ್ಲಿ ಅಮೆರಿಕ ಸರಕಾರ 1954ರ ತೀರ್ಪನ್ನು ರದ್ದುಗೊಳಿಸಿ ಓಪನ್‌ಹೈಮರ್‌ಗೆ ಗೌರವ ಹಿಂತಿರುಗಿಸಿತು. ರೊಂಗೆಲಾಪ್‌ನ ನೆಲವನ್ನು ಯಾವ ಆದೇಶ ಹಿಂತಿರುಗಿಸೀತು?

ಇದೆಲ್ಲ ದೂರದ ಮಾತೆಂದುಕೊಳ್ಳುವಂತಿಲ್ಲ. ಮೈಸೂರಿನ ಬಳಿಯ ರತ್ನಹಳ್ಳಿಯಲ್ಲಿ ಯುರೇನಿಯಂ ಸಾಂದ್ರೀಕರಣದ ಘಟಕವಿದೆ. 1998ರ ಮೇ ತಿಂಗಳಲ್ಲಿ ಭಾರತವೂ ಪಾಕಿಸ್ತಾನವೂ ಬೆನ್ನುಬೆನ್ನಿಗೆ ಬಾಂಬು ಸಿಡಿಸಿದಾಗ ಗಡಿಯ ಎರಡೂ ಕಡೆ ಸಿಹಿ ಹಂಚಿದರು. ಆ ಸಂಭ್ರಮದ ಹಿಂದೆ ಹೋಗಿ ನೋಡಿದ ಚಿತ್ರವೊಂದಿದೆ, ಆನಂದ್ ಪಟವರ್ಧನ್ ಅವರ 'ಜಂಗ್ ಔರ್ ಅಮನ್' (2002). ಪೋಖ್ರಾನ್ ಪಕ್ಕದ ಖೇತೊಲಾಯಿ ಹಳ್ಳಿಯವರು, ಜಾದುಗೊಡದ ಯುರೇನಿಯಂ ಗಣಿಯ ಸುತ್ತಲಿನ ಆದಿವಾಸಿಗಳು, ಹಿರೋಶಿಮಾದಲ್ಲಿ ಬದುಕುಳಿದವರು ಅದರಲ್ಲಿ ತಾವೇ ಮಾತನಾಡುತ್ತಾರೆ. ಸೆನ್ಸಾರ್ ಮಂಡಳಿ ಕತ್ತರಿ ಹಿಡಿದು ಕೂತಿತ್ತು, 2003ರಲ್ಲಿ ಬಾಂಬೆ ಹೈಕೋರ್ಟ್ ಕತ್ತರಿಯಿಲ್ಲದೆ ತೋರಿಸಲು ಅನುಮತಿ ಕೊಟ್ಟಿತು. ಅದಕ್ಕೆ ಐಮ್ಯಾಕ್ಸ್ ಪರದೆ ಬೇಕಿಲ್ಲ. ನಂಜನಗೂಡಿನ, ತಿ. ನರಸೀಪುರದ ಕಾಲೇಜುಗಳಲ್ಲಿ ತೋರಿಸಲು ಒಂದು ಪ್ರೊಜೆಕ್ಟರ್, ಒಂದು ಬಿಳಿ ಗೋಡೆ ಸಾಕು.