ಕೆತ್ತಿದ ಮೇಲೆ ಮರ ಎಲ್ಲಿ ಉಳಿಯಿತು?

ಲಾಲ್‌ಬಾಗಿನ ಕಟ್ಟಿಗೆ ಶಿಲ್ಪಗಳ ಮಾತು ಬಂದರೆ ಸಾಕು, ಬಿದ್ದ ಮರಕ್ಕೆ ಕಲಾವಿದರು ಮರುಜೀವ ಕೊಟ್ಟರು ಎಂದು ಎಲ್ಲರೂ ಹೊಗಳುತ್ತಾರೆ. ಬೊಡ್ಡೆಗಳನ್ನು ಒಲೆಗೆ ಕಳಿಸದೆ ಕೆತ್ತಿಸಿ ನಿಲ್ಲಿಸಿದ್ದು ಒಳ್ಳೆಯದೇ. ಮಕ್ಕಳು ಮುಟ್ಟಿ ನೋಡುತ್ತಾರೆ, ದೊಡ್ಡವರು ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಸಸ್ಯೋದ್ಯಾನವೆಂದರೆ ಮರದ ಗುರುತು ಹೇಳುವ ಜಾಗ. ಬೊಡ್ಡೆಯೊಳಗಿಂದ ಪ್ರಾಣಿಯೋ ಮನುಷ್ಯನ ಮುಖವೋ ಎದ್ದು ಬಂದ ಮೇಲೆ ಅದು ಮಾವೋ ನೀಲಗಿರಿಯೋ ಎಂದು ಕೇಳುವವರು ಯಾರು? ಮರ ಅಲ್ಲಿ ಬರೀ ಸಾಮಾನು. ಇದನ್ನು ಮರುಜೀವ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈ ತಕರಾರು ಹುಟ್ಟಿದ್ದು ಬಾದಾಮಿಯಲ್ಲಿ. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ 578ರ ಶಾಸನವಿದೆ. ಅದನ್ನೂ ದೊಡ್ಡ ವಿಷ್ಣುವನ್ನೂ ನೋಡಿ ಜನ ಹೊರಬೀಳುತ್ತಾರೆ. ಪಡಸಾಲೆಯ ಕಂಬಗಳ ಬಳಿ ನಿಂತು ಕತ್ತೆತ್ತಬೇಕು. ಕಂಬದ ತಲೆಗೆ ಆನಿಸಿದ ಗಂಡುಹೆಣ್ಣಿನ ಜೋಡಿಗಳ ಮೇಲೆ ಮರ ಬಾಗಿದೆ. ಕಾಂಡ ಮೈಗೆ ಒತ್ತಿಕೊಂಡು ಏರಿ, ಎಲೆಗೊಂಚಲು ಚಾವಣಿಯ ಕೆಳಗೆ ಕೊಡೆಯಂತೆ ಹರಡಿ, ತೊಲೆಯ ಭಾರವನ್ನು ತಾನೇ ಹೊತ್ತಂತೆ ಕಾಣುತ್ತದೆ. ಬರೆಯುವವರು ಹೆಚ್ಚಾಗಿ ಹೆಣ್ಣಿನ ಸೊಂಟದ ಬಾಗು, ಗಂಡಿನ ಒಡವೆ ವರ್ಣಿಸಿ, ಮರವನ್ನು ಅಲಂಕಾರವೆಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಮರವೇ ಮುಖ್ಯ. ಎಂದೂ ಚಿಗುರದ ಕೆಂಪು ಮರಳುಗಲ್ಲಿನಲ್ಲಿ ಮರ ಮರವಾಗಿಯೇ ನಿಂತಿದೆ. ಅಲ್ಲಿ ಬೆಂಗಳೂರಿನಲ್ಲಿ ನಿಜವಾದ ಮರವೇ ಕೈಯಲ್ಲಿದ್ದೂ ಕಳೆದುಹೋಗಿದೆ.

ಹುನಗುಂದ ತಾಲೂಕಿನ ಐಹೊಳೆಗೂ ಇದೇ ಮಾತು. ಮೇಗುತಿ ಬಸದಿ 634ರದ್ದು. ಅಲ್ಲಿನ ಯಕ್ಷಿ ಅಂಬಿಕೆ ಈಗ ಮ್ಯೂಸಿಯಮ್ಮಿನಲ್ಲಿ ಮರದಡಿ ಕೂತಿದ್ದಾಳೆ. ಮರವನ್ನು ತೆಗೆದರೆ ಆಕೆ ಅರ್ಧ ಅಂಬಿಕೆ. ಇನ್ನು ಲಾಡಖಾನ್ ಗುಡಿ: ಚಾವಣಿಯ ಚಪ್ಪಡಿಗಳ ಸಂದಿನ ಮೇಲೆ ಉದ್ದುದ್ದ ಕಲ್ಲಿನ ದಿಮ್ಮಿಗಳನ್ನು ಹೊದಿಸಿದ್ದಾರೆ. ಕಲ್ಲಿನ ಮರ್ಮ ತಿಳಿಯದವರು ಮಾಡಿದ ಕಟ್ಟಿಗೆಯ ನಕಲು ಎನ್ನುವುದು ರೂಢಿಯ ವಿವರಣೆ. ನಕಲೇ ಇರಲಿ, ಆ ದಿಮ್ಮಿ ಸಂದಿಗೆ ಮಳೆನೀರು ಇಳಿಯದಂತೆ ತಡೆಯುತ್ತದೆ. ಬಡಿಗನ ಬುದ್ಧಿಯನ್ನು ಕಲ್ಲುಕುಟಿಗ ಎರವಲು ಪಡೆದು ಕೆಲಸಕ್ಕೆ ಹಚ್ಚಿದ್ದಾನೆ, ಅಷ್ಟೆ.

ಲಾಲ್‌ಬಾಗಿಗೆ ಮರವನ್ನು ಮರವಾಗಿಯೇ ತೋರಿಸುವ ಈ ಶಿಸ್ತು ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಕ್ಯಾಮೆರಾನ್ ತೋಟದ ಅಧಿಕಾರಿಯಾಗಿದ್ದಾಗ, ಕಲಾವಿದ ಚೆಲುವಯ್ಯ ರಾಜು ಅಲ್ಲಿನ ಗಿಡಮರಗಳ ಚಿತ್ರ ಬರೆದರು. ಅಂಥ ಚಿತ್ರದಲ್ಲಿ ಎಲೆಯ ನರ, ಹೂವಿನ ಎಸಳು ತಪ್ಪಿದರೆ ಚಿತ್ರವೇ ಕೆಟ್ಟಂತೆ. ಚಂದ ಅನ್ನುವುದು ಆಮೇಲೆ.

ಈಗ ಬೊಡ್ಡೆ ಕೆತ್ತಿಸುವವರು ಕಟ್ಟಿಗೆಯ ಗುಣವನ್ನೂ ಮರೆತಂತಿದೆ. ಹಸಿ ಬೊಡ್ಡೆ ಬಿಸಿಲಿಗೆ ಒಣಗುತ್ತ ನಡುವಿನಿಂದ ಅಂಚಿಗೆ ಬಿರುಕು ಬಿಡುತ್ತದೆ. ಹೊರಗಿನ ಮೆದು ಪದರಕ್ಕೆ ಗೆದ್ದಲು ಮೊದಲು ಹತ್ತುತ್ತದೆ, ಚೇಗು ಕೊನೆಗೆ. ವಾರ್ನಿಷ್ ಬಳಿದರೆ ನಾಲ್ಕು ಮಳೆಗಾಲ ದೂಡಬಹುದು. ಕೆತ್ತಿದ ಮೂಗು ಉದುರಿದ ಮೇಲೆ ಶಿಲ್ಪವೂ ಇಲ್ಲ, ಮರವೂ ಇಲ್ಲ.

ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ನಾಳೆ ಅಲ್ಲೂ ಬೊಡ್ಡೆ ಕೆತ್ತಿಸುವ ಮನಸ್ಸಾದರೆ ಕೆತ್ತಿಸಲಿ; ಒಂದು ತುದಿಯನ್ನು ಮಾತ್ರ ಅಡ್ಡ ಕೊಯ್ದು, ಉಂಗುರಗಳು ಕಾಣುವಂತೆ ನುಣುಪು ಮಾಡಿ, ಮರದ ಹೆಸರು, ಬಿದ್ದ ವರ್ಷ, ಬಿದ್ದ ಕಾರಣ ಬರೆದ ಫಲಕ ಹಚ್ಚಲಿ. ಉಳಿ ಹಿಡಿಯುವ ಮೊದಲು ಕಲಾವಿದರನ್ನು ಬಾದಾಮಿಗೆ ಕರೆದೊಯ್ಯಲಿ. ತಾಸಿನ ದಾರಿ.