ಹಳೆ ಮನೆಗೆ ಹೊಸ ಸಿಮೆಂಟು

ಹಳೆ ಮನೆಯ ದುರಸ್ತಿ ಎಂದರೆ ಅದರ ಹಳತನವನ್ನೇ ಅಳಿಸಿಹಾಕುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬೀದರ್ ನಗರದ ಓಣಿಗಳಲ್ಲಿ, ಭಾಲ್ಕಿ, ಔರಾದ್‌ಗಳಲ್ಲಿ ವಾಡೆಗಳೂ ಮಾಳಿಗೆ ಮನೆಗಳೂ ಹೀಗೆಯೇ ಮರೆಯಾಗುತ್ತಿವೆ.

ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಅಗೆಯುವಾಗ ಮೆದು, ಗಾಳಿಗೊಡ್ಡಿದಂತೆ ಗಟ್ಟಿ. ಆದರೆ ಅದು ತೇವ ಹೀರುವ ಕಲ್ಲು. ಸುಣ್ಣದ ಗಾರೆ ಆ ತೇವವನ್ನು ಹೊರಬಿಡುತ್ತದೆ, ಸಿಮೆಂಟು ಒಳಗೇ ಹಿಡಿದಿಡುತ್ತದೆ. ಗೋಡೆ ಹೊರಗೆ ನಯವಾಗಿ ಕಂಡರೂ ಒಳಗೆ ಸವೆಯುತ್ತದೆ. ಫ್ರಾನ್ಸಿನ ಹಳ್ಳಿಗಳಲ್ಲಿ ಹಳೆಯ ಕಲ್ಲುಮನೆ ಕೊಂಡು ನೆಲೆಸುವವರಿಗೂ ಬಲ್ಲವರು ಹೇಳುವುದು ಸುಣ್ಣವನ್ನೇ.

1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನರ ಮದರಸಾವನ್ನು, ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕುಸುರಿಯನ್ನು ನಾವು ಹಾಡಿ ಹೊಗಳುತ್ತೇವೆ. ಅವುಗಳನ್ನು ಕಾಯಲು ಇಲಾಖೆಯಿದೆ. ಅದೇ ಊರಿನ ಬಡವನ ಸೋರುವ ಮಾಳಿಗೆಗೆ ಯಾರಿದ್ದಾರೆ? ಮಳೆಗಾಲ ಎದುರಿಗಿರುವಾಗ ಆತ ಕೈಗೆ ಸಿಕ್ಕ ಸಿಮೆಂಟನ್ನೇ ಬಳಿಯುತ್ತಾನೆ. ಅವನನ್ನು ದೂರುವುದು ನ್ಯಾಯವಲ್ಲ. ಗಾರೆ ಅರೆಯಬಲ್ಲ ಕೈಗಳಿಗೆ ನಾವು ಕೆಲಸ ಕೊಡಲಿಲ್ಲ, ಆ ವಿದ್ಯೆಯನ್ನು ಮಕ್ಕಳಿಗೆ ಕಲಿಸಲಿಲ್ಲ.

ಅರಮನೆಯನ್ನು ಉಳಿಸಿ ಮನೆಗಳನ್ನು ಕಳೆದುಕೊಂಡ ಊರಿಗೆ ಪರಂಪರೆಯ ನಗರವೆಂಬ ಹೆಸರು ಒಪ್ಪುವುದೇ? ಓದುಗರು ಯೋಚಿಸಬೇಕು.